ಬಿ.ಆರ್. ಪಂತುಲು

ಬುಡಗೂರು ರಾಮಕೃಷ್ಣಯ್ಯ ಪಂತುಲು (26 ಜುಲೈ 1910 – 8 ಅಕ್ಟೋಬರ್ 1974): ಕನ್ನಡ ಮತ್ತು ತಮಿಳು ಚಿತ್ರರಂಗಗಳೆರಡರಲ್ಲೂ ಮೊದಲ ಸಾಲಿನಲ್ಲಿದ್ದ ನಿರ್ದೇಶಕ, ನಿರ್ಮಾಪಕ, ನಟ. ಹುಟ್ಟಿದ್ದು ಕೋಲಾರ–ಚಿತ್ತೂರು ಗಡಿಸೀಮೆಯಲ್ಲಿ. ಅಲ್ಲಿ ಕನ್ನಡ, ತೆಲುಗು ಅಕ್ಕಪಕ್ಕದ ಮನೆಮಾತುಗಳು. ಮುಂದೆ ಒಂದೇ ಕಥೆಯನ್ನು ಎರಡು ಮೂರು ಭಾಷೆಗಳಲ್ಲಿ ತೆಗೆಯುವುದು ಅವರಿಗೆ ಸಲೀಸಾದದ್ದರಲ್ಲಿ ಈ ನೆಲದ ಪಾಲೂ ಇದ್ದೀತು.

ಮೊದಲು ಮೇಷ್ಟ್ರಾಗಿದ್ದವರು ವೃತ್ತಿರಂಗಭೂಮಿಯ ಸೆಳೆತಕ್ಕೆ ಬಿದ್ದು ನಾಟಕ ಕಂಪನಿ ಸೇರಿದರು. ಎಚ್.ಎಲ್.ಎನ್. ಸಿಂಹ ನಿರ್ದೇಶಿಸಿದ 'ಸಂಸಾರ ನೌಕೆ' (1936) ಚಿತ್ರದಲ್ಲಿ ಎಂ.ವಿ. ರಾಜಮ್ಮನವರ ಜೊತೆ ನಾಯಕನಾದರು. ಆ ಜೋಡಿ ಮುಂದೆ ಹಲವು ವರ್ಷ ತೆರೆಯ ಮೇಲೆ ಉಳಿಯಿತು. ಮದರಾಸಿನಲ್ಲಿ ನೆಲೆಸಿ ಪದ್ಮಿನಿ ಪಿಕ್ಚರ್ಸ್ ಕಟ್ಟಿದ ಪಂತುಲು, 1957ರಲ್ಲಿ ಒಂದೇ ಕಥೆಯನ್ನು ಕನ್ನಡದಲ್ಲಿ 'ರತ್ನಗಿರಿ ರಹಸ್ಯ', ತಮಿಳಿನಲ್ಲಿ 'ತಂಗಮಲೈ ರಹಸಿಯಂ' ಎಂದು ತೆಗೆದು ನಿರ್ದೇಶಕರಾದರು.

ಅವರ ಹೆಸರು ಕನ್ನಡಿಗರ ಮನೆಮಾತಾದದ್ದು 'ಸ್ಕೂಲ್ ಮಾಸ್ಟರ್' (1958) ಚಿತ್ರದಿಂದ. ನೇರ ನಡೆಯ ಮೇಷ್ಟ್ರು ನಿವೃತ್ತರಾಗುತ್ತಾರೆ. ಸಾಕಿ ಸಲಹಿದ ಮಕ್ಕಳೇ ಕೈಬಿಡುತ್ತಾರೆ. ಕೈಹಿಡಿಯುವವನು ಅವರಲ್ಲಿ ಓದಿ ಪೊಲೀಸ್ ಅಧಿಕಾರಿಯಾದ ಹಳೆಯ ಶಿಷ್ಯ. ಮೇಷ್ಟ್ರಾಗಿ ಪಂತುಲು, ಮಡದಿಯಾಗಿ ರಾಜಮ್ಮ, ಶಿಷ್ಯನಾಗಿ ಶಿವಾಜಿ ಗಣೇಶನ್. ಪಂತುಲು ಅವರ ಅಭಿನಯದಲ್ಲಿ ಅಬ್ಬರವೇ ಇಲ್ಲ. ನಾಟಕ ಕಂಪನಿಯಲ್ಲಿ ಪಳಗಿದ ನಟನೊಬ್ಬ ದನಿಯನ್ನು ಇಷ್ಟು ತಗ್ಗಿಸಿ ದುಃಖ ದಾಟಿಸಿದ್ದು ಆ ಕಾಲಕ್ಕೆ ದೊಡ್ಡ ಮಾತು. ಟಿ.ಜಿ. ಲಿಂಗಪ್ಪ ಸಂಗೀತದಲ್ಲಿ ಬಂದ, ಸೋಸಲೆ ಅಯ್ಯಾಶಾಸ್ತ್ರಿಗಳ 'ಸ್ವಾಮಿ ದೇವನೆ' ನಾಡಿನ ಎಷ್ಟೋ ಶಾಲೆಗಳ ಬೆಳಗಿನ ಪ್ರಾರ್ಥನೆಯಾಯಿತು. ಕಥೆಯೂ ಊರೂರು ಸುತ್ತಿತು: ಮಲಯಾಳಂನಲ್ಲಿ 1964ರಲ್ಲಿ ಇದನ್ನು ತೆಗೆದವರು ಪಂತುಲು ಗರಡಿಯಲ್ಲೇ ಪಳಗಿದ ಪುಟ್ಟಣ್ಣ ಕಣಗಾಲ್, ತೆಲುಗಿನ 'ಬಡಿ ಪಂತುಲು' (1972) ಚಿತ್ರದಲ್ಲಿ ಮೇಷ್ಟ್ರಾದವರು ಎನ್.ಟಿ. ರಾಮರಾವ್.

ಇತಿಹಾಸ, ಪುರಾಣಗಳು ಅವರ ಇನ್ನೊಂದು ಒಲವು. 'ವೀರಪಾಂಡಿಯ ಕಟ್ಟಬೊಮ್ಮನ್' (1959) ಚಿತ್ರದ ಅಭಿನಯಕ್ಕೆ ಶಿವಾಜಿ ಅವರಿಗೆ ಕೈರೋದ ಆಫ್ರೋ–ಏಷ್ಯನ್ ಚಿತ್ರೋತ್ಸವದಲ್ಲಿ ಪ್ರಶಸ್ತಿ ಬಂತು. 1961ರಲ್ಲಿ ಬಿ. ಸರೋಜಾದೇವಿ ಅಭಿನಯದ 'ಕಿತ್ತೂರು ಚೆನ್ನಮ್ಮ', ವಿ.ಒ. ಚಿದಂಬರಂ ಪಿಳ್ಳೈ ಬದುಕಿನ 'ಕಪ್ಪಲೋಟ್ಟಿಯ ತಮಿಳನ್' ಎರಡೂ ಬಂದು, ಕನ್ನಡ ಮತ್ತು ತಮಿಳಿನ ರಾಷ್ಟ್ರಪ್ರಶಸ್ತಿಗಳು ಒಬ್ಬರೇ ನಿರ್ದೇಶಕರ ಪಾಲಾದವು. ಎರಡನೆಯದು ಗಲ್ಲಾಪೆಟ್ಟಿಗೆಯಲ್ಲಿ ಸೋತರೂ ಅವರು ಅದ್ದೂರಿಯಿಂದ ಹಿಂದೆ ಸರಿಯಲಿಲ್ಲ. 1964ರ ವರ್ಣಚಿತ್ರ 'ಕರ್ಣನ್' ಅದಕ್ಕೆ ಸಾಕ್ಷಿ.

ಕಲ್ಪನಾ ಅವರನ್ನು 'ಸಾಕು ಮಗಳು' (1963), ಜಯಲಲಿತಾ ಅವರನ್ನು 'ಚಿನ್ನದ ಗೊಂಬೆ' (1964) ಚಿತ್ರದ ಮೂಲಕ ಬೆಳಕಿಗೆ ತಂದವರೂ ಇವರೇ. ಎಂ.ಜಿ.ಆರ್–ಜಯಲಲಿತಾ ಜೋಡಿ ಮೊದಲು ಕಂಡದ್ದು ಇವರ 'ಆಯಿರತ್ತಿಲ್ ಒರುವನ್' (1965) ಚಿತ್ರದಲ್ಲಿ. 'ಎಮ್ಮೆ ತಮ್ಮಣ್ಣ', 'ಬೀದಿ ಬಸವಣ್ಣ'ಗಳಂಥ ಹಗುರ ಚಿತ್ರಗಳಲ್ಲಿ ರಾಜ್‌ಕುಮಾರ್ ಅವರ ಹಾಸ್ಯಕ್ಕೆ ಧಾರಾಳ ಜಾಗ ಕೊಟ್ಟರು. ಅದೇ ರಾಜ್‌ಕುಮಾರ್ 'ಶ್ರೀಕೃಷ್ಣದೇವರಾಯ' (1970) ಚಿತ್ರದಲ್ಲಿ ರಾಯರಾದಾಗ, ಪಂತುಲು ಮಹಾಮಂತ್ರಿ ತಿಮ್ಮರಸುವಾಗಿ ನಿಂತು ರಾಜ್ಯದ ಶ್ರೇಷ್ಠ ನಟ ಪ್ರಶಸ್ತಿ ಪಡೆದರು.

ಕೈಯಲ್ಲಿದ್ದ 'ಮದುರೈಯೈ ಮೀಟ್ಟ ಸುಂದರಪಾಂಡಿಯನ್' ಮುಗಿಯುವ ಮೊದಲೇ ಪಂತುಲು ತೀರಿಕೊಂಡರು. ನಾಯಕನಾಗಿದ್ದ ಎಂ.ಜಿ.ಆರ್ ಅವರೇ ನಿರ್ದೇಶನ ವಹಿಸಿಕೊಂಡು ಪೂರ್ಣಗೊಳಿಸಿದ ಆ ಚಿತ್ರ 1978ರಲ್ಲಿ ತೆರೆಕಂಡಿತು. ಮಗಳು ಬಿ.ಆರ್. ವಿಜಯಲಕ್ಷ್ಮಿ ಛಾಯಾಗ್ರಾಹಕಿಯಾಗಿ ಹೆಸರು ಮಾಡಿದರು.