ಒಂದು ಜನ, ಎರಡು ಹೆಸರು

ಯಹೂದಿಯರನ್ನು ಕರೆಯಲು ಫ್ರೆಂಚ್ ಭಾಷೆಯಲ್ಲಿ ಎರಡು ಪದಗಳಿವೆ: ‘ಜುಯಿಫ್’ ಮತ್ತು ‘ಇಸ್ರಾಎಲಿತ್’. ಮೊದಲನೆಯದು ಜುದೇಯ ನಾಡಿನ ಹೆಸರಿನಿಂದ ಲ್ಯಾಟಿನ್ ಮೂಲಕ ಬಂದದ್ದು. ಎರಡನೆಯದಕ್ಕೆ ಇಸ್ರೇಲ್ ಎಂಬ ಹೆಸರು ಪಡೆದ ಬೈಬಲ್‌ನ ಯಾಕೋಬನ ಸಂತತಿಯೆಂದು ಅರ್ಥ. ಮೇಲ್ನೋಟಕ್ಕೆ ಇವು ಸಮಾನ ಪದಗಳು. ಆದರೆ ಯಹೂದಿ ಎಂದರೆ ಒಂದು ಧರ್ಮದವನೋ, ಒಂದು ಜನಸಮುದಾಯದವನೋ ಎಂಬ ದೊಡ್ಡ ವಿವಾದವೇ ಇವುಗಳ ಹಿಂದೆ ಅಡಗಿದೆ.

ಯಹೂದಿಯರಿಗೆ ವ್ಯಕ್ತಿಗಳಾಗಿ ಎಲ್ಲ ಹಕ್ಕುಗಳನ್ನೂ ಕೊಡಬೇಕು, ಪ್ರತ್ಯೇಕ ರಾಷ್ಟ್ರವಾಗಿ ಏನನ್ನೂ ಕೊಡಬಾರದು ಎಂದು 1789ರ ಡಿಸೆಂಬರ್‌ನಲ್ಲಿ ಕ್ಲೆರ್ಮೊಂ-ತೊನೇರ್ ರಾಷ್ಟ್ರೀಯ ಸಭೆಯಲ್ಲಿ ವಾದಿಸಿದ. 1791ರಲ್ಲಿ ಅವರಿಗೆ ಪೂರ್ಣ ಪೌರತ್ವ ದೊರೆಯಿತು. ಹೀಗೆ ಯಹೂದಿ, ಬೇರೊಂದು ಧರ್ಮ ಪಾಲಿಸುವ ಫ್ರೆಂಚ್ ಪ್ರಜೆಯಾದ. ಶತಮಾನಗಳ ತಿರಸ್ಕಾರ ಅಂಟಿಕೊಂಡಿದ್ದ ‘ಜುಯಿಫ್’ ಈ ಹೊಸ ಪ್ರಜೆಗೆ ಒಗ್ಗಲಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ‘ಇಸ್ರಾಎಲಿತ್’ ಮರ್ಯಾದೆಯ ಮಾತಾಯಿತು. 1860ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿದ ‘ಅಲಿಯಾನ್ಸ್ ಇಸ್ರಾಎಲಿತ್ ಯೂನಿವರ್ಸೆಲ್’ ಸಂಸ್ಥೆ ಈ ಪದವನ್ನೇ ಆರಿಸಿಕೊಂಡಿತು. 1870ರಲ್ಲಿ ಅಲ್ಜೀರಿಯದ ಯಹೂದಿಯರಿಗೆ ಪೌರತ್ವ ನೀಡಿದ ಆಜ್ಞೆಯಲ್ಲೂ ಇದೇ ಪದವಿತ್ತು.

ದ್ವೇಷಿಗಳು ಮಾತ್ರ ಹಳೆಯ ಪದವನ್ನು ಬಿಡಲಿಲ್ಲ. ಎದುವಾರ್ ದ್ರುಮೊಂ 1886ರಲ್ಲಿ ಪ್ರಕಟಿಸಿದ ಯಹೂದಿ ವಿರೋಧಿ ಗ್ರಂಥದ ಹೆಸರು ‘ಲಾ ಫ್ರಾನ್ಸ್ ಜುಯಿವ್’. 1940ರ ಅಕ್ಟೋಬರ್‌ನಲ್ಲಿ ವಿಷಿ ಸರ್ಕಾರ ತಂದ ಕಾಯಿದೆ ಅದೇ ಪದ ಬಳಸಿ, ಅಜ್ಜ-ಅಜ್ಜಿಯರ ‘ಜನಾಂಗ’ವನ್ನು ಲೆಕ್ಕ ಹಾಕಿತು. ಮೂವರು ಯಹೂದಿಯರಾಗಿದ್ದರೆ ಮೊಮ್ಮಗನೂ ಯಹೂದಿ. ಅವನ ನಂಬಿಕೆ ಏನೆಂದು ಕೇಳುವಂತಿರಲಿಲ್ಲ. ತಮ್ಮನ್ನು ‘ಇಸ್ರಾಎಲಿತ್’ ಎಂದುಕೊಂಡಿದ್ದ ಪ್ರಜೆಗಳಿಗೆ ಆ ಸಭ್ಯ ಪದ ರಕ್ಷಣೆ ಕೊಡಲಿಲ್ಲ. 1942ರಲ್ಲಿ ಜರ್ಮನ್ನರು ಎದೆಗೆ ಹೊಲಿಸಿದ ಹಳದಿ ನಕ್ಷತ್ರದ ಮೇಲೂ ‘ಜುಯಿಫ್’ ಎಂದೇ ಬರೆದಿತ್ತು. ಫ್ರಾನ್ಸ್‌ನಿಂದ ಸುಮಾರು 76,000 ಯಹೂದಿಯರನ್ನು ಸಾಗಿಸಲಾಯಿತು. ಮರಳಿದವರು ಕೆಲವೇ ಸಾವಿರ.

ಯುದ್ಧಾನಂತರ ‘ಇಸ್ರಾಎಲಿತ್’ ಕ್ರಮೇಣ ಹಿಂದೆ ಸರಿಯಿತು. ಅವಮಾನದ ಪದವನ್ನೇ ಯಹೂದಿಯರು ಅಭಿಮಾನದಿಂದ ತಮ್ಮದಾಗಿಸಿಕೊಂಡರು. ಯುದ್ಧಕಾಲದಲ್ಲಿ ಗುಪ್ತವಾಗಿ ರೂಪುಗೊಂಡ ಅವರ ಪ್ರಾತಿನಿಧಿಕ ಮಂಡಳಿ ‘ಕ್ರಿಫ್’ ಕೂಡ ಮುಂದೆ ತನ್ನ ಹೆಸರಿನಲ್ಲಿದ್ದ ‘ಇಸ್ರಾಎಲಿತ್’ ಅನ್ನು ಕೈಬಿಟ್ಟು ‘ಜುಯಿಫ್’ನ ರೂಪವನ್ನು ಸ್ವೀಕರಿಸಿತು.

ಆದರೂ ಹಳೆಯ ಪ್ರಶ್ನೆ ಬಗೆಹರಿದಿಲ್ಲ. ಫ್ರೆಂಚ್ ಬರಹದ ರೂಢಿಯಂತೆ ಜನಸಮುದಾಯಗಳ ಹೆಸರಿಗೆ ದೊಡ್ಡಕ್ಷರ, ಮತಾನುಯಾಯಿಗಳ ಹೆಸರಿಗೆ ಸಣ್ಣಕ್ಷರ. ‘ಜುಯಿಫ್’ ಪದವನ್ನು ಎರಡು ರೀತಿಯಲ್ಲೂ ಬರೆಯಬಹುದು. ದೇವರನ್ನೇ ನಂಬದ ಯಹೂದಿಗೆ ಸಣ್ಣಕ್ಷರ ಹೊಂದದು; ತಾನು ಫ್ರೆಂಚನಷ್ಟೇ, ಯಹೂದಿತನ ತನ್ನ ಧರ್ಮ ಮಾತ್ರ ಎನ್ನುವವನಿಗೆ ದೊಡ್ಡಕ್ಷರ ಒಪ್ಪದು. ಕ್ರಾಂತಿಯ ಕಾಲದ ವಾದ ಇಂದಿಗೂ ಒಂದು ಅಕ್ಷರದಲ್ಲಿ ಉಳಿದುಕೊಂಡಿದೆ.