ಉಳಿಸುವ ಶಸ್ತ್ರವಿದ್ಯೆ

ಅಂಡಾಶಯದ ಗಡ್ಡೆಯನ್ನು ತೆಗೆಸಿಕೊಂಡು ಆಸ್ಪತ್ರೆಯಿಂದ ಮನೆಗೆ ಮರಳಿದ ಹೆಣ್ಣುಮಗಳು, ಹೊಲಿಗೆಯ ನೋವು ಇನ್ನೂ ಆರದಿರುವಾಗಲೇ, ವೈದ್ಯರಲ್ಲಿ ಕೇಳಬಯಸುವ ಮೊದಲ ಮಾತು ತನಗೆ ಮುಂದೆ ಮಕ್ಕಳಾದಾವೇ ಎಂಬುದು. ಈ ಪ್ರಶ್ನೆ ಇಂದು ನಮಗೆ ಅತ್ಯಂತ ಸಹಜವಾಗಿ ತೋರುವುದಾದರೂ, ಶಸ್ತ್ರವೈದ್ಯದ ಚರಿತ್ರೆಯನ್ನು ಅವಲೋಕಿಸಿದರೆ ಅದಕ್ಕೆ ಶಸ್ತ್ರಚಿಕಿತ್ಸಾಗೃಹದಲ್ಲಿ ಸ್ಥಾನ ದೊರೆತದ್ದು ಬಹು ತಡವಾಗಿ ಎಂಬುದು ಗೊತ್ತಾಗುತ್ತದೆ. ಅದಕ್ಕೆ ಮೊದಲು ಬಹುಕಾಲ, ರೋಗಿಯು ಜೀವಸಹಿತ ಉಳಿದಾಳೆಯೇ ಎಂಬ ಒಂದೇ ಚಿಂತೆ ವೈದ್ಯರನ್ನೂ ಬಂಧುಬಳಗವನ್ನೂ ಆವರಿಸಿಕೊಂಡಿತ್ತು.

ಈ ಚರಿತ್ರೆಯು ಮೊದಲಾಗುವುದೇ ಬಸಿರಿನ ಭ್ರಾಂತಿಯೊಂದರಿಂದ. 1809ರ ಡಿಸೆಂಬರಿನಲ್ಲಿ ಅಮೆರಿಕದ ಕೆಂಟಕಿ ಪ್ರಾಂತದ ಜೇನ್ ಟಾಡ್ ಕ್ರಾಫರ್ಡ್ ಎಂಬ ಗೃಹಿಣಿಯ ಉದರವು ಅತಿಯಾಗಿ ಬೆಳೆದಿರಲು, ಅವಳಿ ಮಕ್ಕಳಿರಬೇಕು, ದಿನ ತುಂಬಿಯೂ ಹೆರಿಗೆಯಾಗಿಲ್ಲ ಎಂದು ಬಗೆದ ಅಲ್ಲಿಯ ವೈದ್ಯರು ಡ್ಯಾನ್‌ವಿಲ್ ಊರಿನ ಎಫ್ರೇಮ್ ಮೆಕ್‌ಡೊವೆಲ್‌ನನ್ನು ಕರೆಸಿದರು. ಎಡಿನ್‌ಬರೋದಲ್ಲಿ ವ್ಯಾಸಂಗ ಮಾಡಿ ಬಂದಿದ್ದ ಆ ವೈದ್ಯನು ಪರೀಕ್ಷಿಸಿ, ಗರ್ಭಕೋಶ ಬರಿದಾಗಿದೆ, ಬೆಳೆದಿರುವುದು ಅಂಡಾಶಯದ ಗಡ್ಡೆ ಎಂದು ಕಂಡುಕೊಂಡನು. ಹೊಟ್ಟೆಯನ್ನು ಸೀಳಿ ಇಂಥ ಗಡ್ಡೆಯನ್ನು ತೆಗೆಯುವುದು ಕೇವಲ ಪ್ರಯೋಗವೆಂಬುದನ್ನು ಮುಚ್ಚಿಡದೆ ಹೇಳಿ, ಆಕೆ ತನ್ನೂರಿಗೆ ಬರಲು ಸಮ್ಮತಿಸಿದರೆ ತಾನು ಅದಕ್ಕೆ ಸಿದ್ಧನೆಂದು ತಿಳಿಸಿದನು. ಆಕೆ ಸಮ್ಮತಿಸಿದಳು. ಚಳಿಗಾಲದ ಹಾದಿಯಲ್ಲಿ ಸುಮಾರು 60 ಮೈಲಿ ದೂರವನ್ನು, ಉದರದ ಭಾರವನ್ನು ಜೀನಿನ ಮುಂಭಾಗಕ್ಕೆ ಆನಿಸಿಕೊಂಡು, ಕುದುರೆಯ ಮೇಲೆ ಕ್ರಮಿಸಿದಳು.

ಈಥರಿನ ಅರಿವಳಿಕೆ ಲೋಕಕ್ಕೆ ಪ್ರಕಟವಾಗುವುದಕ್ಕೆ ಇನ್ನೂ 37 ವರ್ಷಗಳಿದ್ದ ಕಾಲ ಅದು. ಎಚ್ಚರವಾಗಿಯೇ ಮೇಜಿನ ಮೇಲೆ ಮಲಗಿದ್ದ ಕ್ರಾಫರ್ಡ್ ಬೈಬಲಿನ ಕೀರ್ತನೆಗಳನ್ನು ಪಠಿಸುತ್ತಿದ್ದಳೆಂದು ಹೇಳುತ್ತಾರೆ. ಮೆಕ್‌ಡೊವೆಲ್ ಎಡಬದಿಯಲ್ಲಿ ಸುಮಾರು ಒಂಬತ್ತು ಅಂಗುಲ ಉದ್ದಕ್ಕೆ ಕೊಯ್ದೊಡನೆ ಕರುಳು ಮೇಜಿನ ಮೇಲೆ ಹೊರಳಿ ಬಂದಿತು. ಕೆಲಸ ಮುಗಿಯುವವರೆಗೂ ಅದನ್ನು ಒಳಗೆ ಸೇರಿಸಲಾಗಲಿಲ್ಲ. ಗರ್ಭನಾಳವನ್ನು ದಾರದಿಂದ ಬಿಗಿದು ಕಟ್ಟಿ, ಗಡ್ಡೆಯನ್ನು ಸೀಳಿ, ಅಂಟಿನಂಥ ದ್ರವವನ್ನು ಹೊರಹಾಕಿ, ಬಳಿಕ ಅದರ ಚೀಲವನ್ನು ಕತ್ತರಿಸಿ ತೆಗೆದನು. ಒಟ್ಟು ತೂಕ ಇಪ್ಪತ್ತೆರಡೂವರೆ ಪೌಂಡು, ಎಂದರೆ ಹತ್ತು ಕೆ.ಜಿ.ಗೂ ಮಿಕ್ಕದ್ದು. ಹೊಲಿಯುವ ಮುನ್ನ ಆಕೆಯನ್ನು ಪಕ್ಕಕ್ಕೆ ಹೊರಳಿಸಿ, ಒಳಗೆ ನಿಂತ ರಕ್ತವೆಲ್ಲ ಬಸಿದುಹೋಗುವಂತೆ ಮಾಡಿದನು. ಇದಿಷ್ಟೂ ನಡೆದದ್ದು ಸುಮಾರು 25 ನಿಮಿಷಗಳಲ್ಲಿ. ಐದನೆಯ ದಿನ ನೋಡಹೋದಾಗ ರೋಗಿಯು ತನ್ನ ಹಾಸಿಗೆಯನ್ನು ತಾನೇ ಸರಿಪಡಿಸುತ್ತಿದ್ದುದನ್ನು ಕಂಡು ವೈದ್ಯನು ಎಚ್ಚರಿಸಬೇಕಾಯಿತು. 25 ದಿನಗಳಿಗೆ ಆಕೆ ಊರಿಗೆ ಹೊರಟಳು, 1842ರವರೆಗೂ ಬದುಕಿದ್ದಳು.

ಮೆಕ್‌ಡೊವೆಲ್ ತನ್ನ ಅನುಭವವನ್ನು ಪ್ರಕಟಿಸಿದ್ದು 1817ರಲ್ಲಿ. ಆ ಲೇಖನದ ಮೂವರು ರೋಗಿಗಳಲ್ಲಿ ಇಬ್ಬರು ಕರಿಯ ಸ್ತ್ರೀಯರು. ಗುಲಾಮಗಿರಿಯ ಆ ನಾಡಿನಲ್ಲಿ ಅಂಥವರ ಸಮ್ಮತಿಗೆ ಎಷ್ಟು ಬೆಲೆಯಿತ್ತೆಂಬುದನ್ನು ಊಹಿಸುವುದು ಕಷ್ಟವಲ್ಲ. ಲಂಡನ್ನಿನ ವೈದ್ಯಪತ್ರಿಕೆಯ ಸಂಪಾದಕನೊಬ್ಬನು ಮೊದಲು ಈ ವೃತ್ತಾಂತವನ್ನು ನಂಬದೆ ಹಳಿದು, ಅನಂತರ ಅಚ್ಚಿನಲ್ಲಿಯೇ ಕ್ಷಮೆ ಬೇಡಿದನು. ಇಲ್ಲಿ ಗಮನಿಸತಕ್ಕ ಇನ್ನೊಂದು ಸಂಗತಿಯಿದೆ. ಸಸ್ತನಿಗಳ ಅಂಡಾಣುವನ್ನು ಕಾರ್ಲ್ ಅರ್ನ್‌ಸ್ಟ್ ಫಾನ್ ಬೇರ್ ಮೊದಲ ಬಾರಿಗೆ ಕಣ್ಣಾರೆ ಕಂಡದ್ದು 1827ರಲ್ಲಿ. ಅಂಡಾಶಯದೊಳಗೆ ಏನಿದೆಯೆಂಬುದು ಸ್ಪಷ್ಟವಾಗುವುದಕ್ಕೆ ಎಷ್ಟೋ ಮೊದಲೇ ಅದನ್ನು ಕತ್ತರಿಸಿ ತೆಗೆಯುವ ವಿದ್ಯೆಯು ಮನುಷ್ಯನಿಗೆ ಕೈಗೂಡಿತ್ತು. ಮುಂದಿನ ಹಲವು ಅನರ್ಥಗಳ ಮೂಲವು ಈ ವಿಪರ್ಯಾಸದಲ್ಲಿಯೇ ಅಡಗಿತ್ತು.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಲಂಡನ್ನಿನ ಸ್ಪೆನ್ಸರ್ ವೆಲ್ಸ್ ಈ ಶಸ್ತ್ರಕ್ರಿಯೆಗೆ ಗೌರವವನ್ನು ತಂದುಕೊಟ್ಟನು. 1858ರಲ್ಲಿ ಮೊದಲ ಯಶಸ್ಸನ್ನು ಪಡೆದ ಆತ 1880ರ ಹೊತ್ತಿಗೆ ಸಾವಿರ ಶಸ್ತ್ರಕ್ರಿಯೆಗಳನ್ನು ಪೂರೈಸಿದನು. ಬದುಕಿದವರ ಲೆಕ್ಕದೊಡನೆ ಸತ್ತವರ ಲೆಕ್ಕವನ್ನೂ ಪಟ್ಟಿಮಾಡಿ ಪ್ರಕಟಿಸಿದ್ದು ಅವನ ಹಿರಿಮೆ. ಸುಮಾರು ಕಾಲುಭಾಗ ರೋಗಿಗಳು ಆಗ ಮರಣ ಹೊಂದುತ್ತಿದ್ದರು. ಶವಪರೀಕ್ಷೆಯ ಕೋಣೆಗೆ ಇತ್ತೀಚೆಗೆ ಕಾಲಿಟ್ಟವರು ತನ್ನ ಶಸ್ತ್ರಕ್ರಿಯೆಯನ್ನು ನೋಡಬರಕೂಡದೆಂಬ ಅವನ ಕಟ್ಟಳೆ, ನಂಜಿನ ಕಾರಣವನ್ನು ಲೋಕ ಪೂರ್ತಿಯಾಗಿ ಅರಿಯುವ ಮುಂಚಿನದು.

ಜೀವಭಯವು ತಗ್ಗುತ್ತಿದ್ದಂತೆ ಕತ್ತಿಯ ಧೈರ್ಯ ಹೆಚ್ಚಿತು. 1872ರಲ್ಲಿ ಅಮೆರಿಕದ ಜಾರ್ಜಿಯಾದ ರಾಬರ್ಟ್ ಬ್ಯಾಟಿ, ಇಂಗ್ಲೆಂಡಿನ ಲಾಸನ್ ಟೇಟ್, ಜರ್ಮನಿಯ ಆಲ್ಫ್ರೆಡ್ ಹೇಗರ್, ಈ ಮೂವರೂ ಗಡ್ಡೆಯಿಲ್ಲದ ಅಂಡಾಶಯಗಳನ್ನು ಸಹ ತೆಗೆಯತೊಡಗಿದರು. ಮುಟ್ಟಿನ ನೋವಿಗೆ, ಮೂರ್ಛೆಗೆ, ಕೊನೆಗೆ ಚಿತ್ತಚಾಂಚಲ್ಯಕ್ಕೂ ಇದೇ ಔಷಧವೆಂಬ ನಂಬಿಕೆ ಕೆಲವು ದಶಕಗಳ ಕಾಲ ಹಬ್ಬಿ, ಯೌವನದಲ್ಲಿದ್ದ ಅದೆಷ್ಟೋ ಸ್ತ್ರೀಯರು ಮುಟ್ಟನ್ನೂ ಮಾತೃತ್ವವನ್ನೂ ಒಟ್ಟಿಗೆ ಕಳೆದುಕೊಂಡರು. 1896ರಲ್ಲಿ ವಿಯೆನ್ನಾದ ಎಮಿಲ್ ಕ್ನಾವರ್ ಮೊಲಗಳ ಅಂಡಾಶಯವನ್ನು ಕಸಿಮಾಡಿ, ಅದರಿಂದ ಒಸರುವ ಯಾವುದೋ ರಸವು ಶರೀರವನ್ನು ಪೋಷಿಸುತ್ತದೆಂದು ತೋರಿಸಿಕೊಟ್ಟ ಮೇಲೆ, ತೆಗೆದೆಸೆದದ್ದು ಎಂಥ ವಸ್ತುವೆಂಬ ಅರಿವು ವೈದ್ಯರಿಗೆ ಮೆಲ್ಲಮೆಲ್ಲನೆ ಮೂಡಿತು.

ಈ ಅರಿವನ್ನು ಕೈಕೆಲಸವಾಗಿ ಪರಿವರ್ತಿಸಿದವರಲ್ಲಿ ಲಂಡನ್ನಿನ ವಿಕ್ಟರ್ ಬಾನಿ ಅಗ್ರಗಣ್ಯನು. ಅವನ ಪತ್ನಿಯ ಗರ್ಭಕೋಶವನ್ನು ಗಡ್ಡೆಗಳ ಕಾರಣದಿಂದ ತೆಗೆಯಬೇಕಾಗಿ ಬಂದು, ಆ ದಂಪತಿಗಳಿಗೆ ಸಂತಾನವಾಗಲಿಲ್ಲ. ಗಡ್ಡೆಯನ್ನು ತೆಗೆದು ಅಂಗವನ್ನು ಉಳಿಸುವುದೇ ಅವನ ವ್ರತವಾಯಿತು. 1946ರಲ್ಲಿ ಹೊರಬಂದ ಅವನ ಗ್ರಂಥವು ಗರ್ಭಕೋಶದ ಗಡ್ಡೆಗಳ ಜೊತೆಗೆ ಅಂಡಾಶಯದ ಗಡ್ಡೆಗಳನ್ನೂ ಕುರಿತದ್ದು. ಗಡ್ಡೆ ಎಷ್ಟೇ ದೊಡ್ಡದಾಗಿರಲಿ, ಅದರ ಮೇಲೆ ತೆಳ್ಳಗೆ ಹರಡಿಕೊಂಡ ಆರೋಗ್ಯವಂತ ಅಂಶವೊಂದು ಇರಬಲ್ಲುದು. ಹಲಸಿನ ತೊಳೆಯಿಂದ ಬೀಜವನ್ನು ಬಿಡಿಸುವಂತೆ ಗಡ್ಡೆಯ ಚೀಲವನ್ನು ಬಿಡಿಸಿ ತೆಗೆದು, ಉಳಿದುದನ್ನು ಹೊಲಿದು ಮತ್ತೆ ಅಂಡಾಶಯದ ರೂಪಕ್ಕೆ ತರಬೇಕು. ಇದಕ್ಕೂ ಮುನ್ನ, 1935ರಲ್ಲಿ, ಷಿಕಾಗೋದ ಸ್ಟೀನ್ ಮತ್ತು ಲೆವೆಂತಾಲ್ ಎಂಬ ವೈದ್ಯರು, ಸಣ್ಣ ಸಣ್ಣ ಗುಳ್ಳೆಗಳಿಂದ ಊದಿಕೊಂಡ ಅಂಡಾಶಯಗಳುಳ್ಳ ಏಳು ಸ್ತ್ರೀಯರನ್ನು ವರ್ಣಿಸಿ, ಅಂಡಾಶಯದ ಒಂದು ಭಾಗವನ್ನು ಮಾತ್ರ ಕೊಯ್ದು ತೆಗೆದರೆ ನಿಂತ ಮುಟ್ಟು ಮರಳುವುದೆಂದೂ, ಕೆಲವರು ಗರ್ಭಧರಿಸಿದರೆಂದೂ ವರದಿಮಾಡಿದ್ದರು. ಸಂತಾನದ ಆಸೆಯು ಶಸ್ತ್ರಕ್ರಿಯೆಯ ಉದ್ದೇಶಗಳಲ್ಲೊಂದಾಗಿ ಹೀಗೆ ವೈದ್ಯಗ್ರಂಥಗಳನ್ನು ಸೇರಿತು.

ಕೊಯ್ಯದೆಯೇ ಒಳಗನ್ನು ಕಾಣುವ ಉಪಾಯ ದೊರೆತದ್ದು ಅನಂತರ. ಗ್ಲಾಸ್ಗೋದ ಇಯಾನ್ ಡೊನಾಲ್ಡ್ 1950ರ ದಶಕದಲ್ಲಿ ಶಬ್ದತರಂಗಗಳನ್ನು ಉದರದ ಮೇಲೆ ಪ್ರಯೋಗಿಸುತ್ತಿದ್ದಾಗ, ಜಠರದ ಅರ್ಬುದದಿಂದ ಹೊಟ್ಟೆಯಲ್ಲಿ ನೀರು ತುಂಬಿದೆ, ಇನ್ನು ಆಸೆಯಿಲ್ಲ ಎಂದು ನಿರ್ಣಯಿಸಲಾಗಿದ್ದ ಒಬ್ಬಾಕೆಯಲ್ಲಿ ದೊಡ್ಡದೊಂದು ಗಡ್ಡೆಯನ್ನು ಕಂಡನು. ಅಂಡಾಶಯದ ಆ ನಿರಪಾಯಕರ ಗಡ್ಡೆಯನ್ನು ತೆಗೆಯಲು ಆಕೆ ಗುಣಹೊಂದಿದಳು. ಈ ಕುರಿತ ಲೇಖನ 1958ರಲ್ಲಿ ಪ್ರಕಟವಾಯಿತು. ಇಂದು ನಮ್ಮ ತಾಲೂಕು ಕೇಂದ್ರಗಳಲ್ಲಿಯೂ ‘ಸ್ಕ್ಯಾನಿಂಗ್’ ಎಂದು ಕರೆಯಿಸಿಕೊಳ್ಳುವ ಪರೀಕ್ಷೆಯ ಮೂಲ ಇದು. ಮುಟ್ಟಿನೊಡನೆ ಬಂದು ಎರಡು ಮೂರು ತಿಂಗಳಲ್ಲಿ ತಾನಾಗಿ ಕರಗುವ ನೀರುಗುಳ್ಳೆ ಯಾವುದು, ಕೊಯ್ಯಲೇಬೇಕಾದ ಗಡ್ಡೆ ಯಾವುದು ಎಂದು ಕಾದು ನೋಡುವ ಸಹನೆಯನ್ನು ವೈದ್ಯರಿಗೆ ಕಲಿಸಿದ್ದು ಈ ಸಾಧನವೇ. ಹೊಟ್ಟೆಯ ಮೇಲಣ ಸಣ್ಣ ರಂಧ್ರಗಳ ಮೂಲಕ ದರ್ಶಕವನ್ನು ಇಳಿಸುವ ಲ್ಯಾಪರೋಸ್ಕೋಪಿಯನ್ನು ಪ್ಯಾರಿಸಿನ ರೌಲ್ ಪಾಮರ್ ಬೆಳೆಸಿದನು; ಅದನ್ನು ಇಂಗ್ಲೆಂಡಿನಲ್ಲಿ ಪ್ರಚುರಪಡಿಸಿದ ಪ್ಯಾಟ್ರಿಕ್ ಸ್ಟೆಪ್ಟೋ ಅದೇ ದರ್ಶಕದ ನೆರವಿನಿಂದ ಅಂಡಾಣುವನ್ನು ಹೊರತೆಗೆದುದರ ಫಲವಾಗಿ, 1978ರ ಜುಲೈ 25ರಂದು ಪ್ರಥಮ ಪ್ರನಾಳ ಶಿಶುವಿನ ಜನನವಾಯಿತು.

ಚೇತರಿಕೆಗೂ ತನ್ನದೇ ಚರಿತ್ರೆಯಿದೆ. ಹೊಟ್ಟೆ ಕೊಯ್ಸಿಕೊಂಡವರು ವಾರಗಟ್ಟಲೆ ಅಲುಗಾಡದೆ ಮಲಗಿರಬೇಕೆಂಬುದು ಹಿಂದಿನ ಕಟ್ಟಳೆ. ಷಿಕಾಗೋದ ಎಮಿಲ್ ರೀಸ್ 1899ರಲ್ಲಿಯೇ ತನ್ನ ರೋಗಿಗಳನ್ನು ಬೇಗನೆ ಎಬ್ಬಿಸಿ ನಡೆದಾಡಿಸಿದ ಪರಿಯನ್ನು ಬರೆದನಾದರೂ, ಲೋಕ ಅದನ್ನು ಒಪ್ಪಲು ಎರಡನೆಯ ಮಹಾಯುದ್ಧದ ಕಾಲ ಬರಬೇಕಾಯಿತು. ಮೆಕ್‌ಡೊವೆಲ್ ಎಚ್ಚರಿಸಿದ ಆ ರೋಗಿಯೇ ಸರಿಯಾದ ದಾರಿಯಲ್ಲಿದ್ದಳೆಂಬುದು ಹೀಗೆ ಸಿದ್ಧವಾಯಿತು. ನಮ್ಮ ಮನೆಗಳಲ್ಲಿ ಇಂದಿಗೂ ಅತ್ತೆಯೋ ಅಜ್ಜಿಯೋ ‘ಹಸಿ ಮೈ ಕಣಮ್ಮ, ಕೊಡ ಎತ್ತಬೇಡ, ತಣ್ಣೀರಲ್ಲಿ ಕೈಯಿಡಬೇಡ’ ಎಂದು ಬಾಣಂತಿಗೆ ಹೇಳುವುದನ್ನೇ ಹೊಟ್ಟೆ ಕೊಯ್ಸಿಕೊಂಡವಳಿಗೂ ಹೇಳುತ್ತಾರೆ. ಭಾರ ಎತ್ತಬೇಡವೆಂಬಷ್ಟರಲ್ಲಿ ವೈದ್ಯರೂ ಅಜ್ಜಿಯೂ ಏಕಮತ. ಮರುದಿನವೇ ಎದ್ದು ನಡೆ ಎಂಬಲ್ಲಿ ಭಿನ್ನಮತ.

ಉಳಿಸುವ ವಿದ್ಯೆಗೂ ಮಿತಿಯುಂಟೆಂಬುದು ಇತ್ತೀಚಿನ ದಶಕಗಳ ಪಾಠ. 1921ರಲ್ಲಿ ಅಮೆರಿಕದ ಜಾನ್ ಸ್ಯಾಂಪ್ಸನ್ ವರ್ಣಿಸಿದ, ಹಳೆಯ ರಕ್ತ ತುಂಬಿ ಕಂದುಬಣ್ಣಕ್ಕೆ ತಿರುಗಿದ ‘ಚಾಕೊಲೇಟ್’ ಗಡ್ಡೆಯ ಚೀಲವು ಅಂಡಾಶಯಕ್ಕೆ ಬಿಗಿಯಾಗಿ ಅಂಟಿಕೊಂಡಿರುತ್ತದೆ; ಅದನ್ನು ಸುಲಿಯುವಾಗ ಅಂಡಾಣುಗಳಿರುವ ಪದರವೂ ಕೊಂಚ ಜೊತೆಗೂಡಿ ಬರುವುದುಂಟು, ರಕ್ತ ನಿಲ್ಲಿಸಲು ವಿದ್ಯುತ್ತಿನಿಂದ ಸುಟ್ಟರೆ ಹಾನಿ ಹೆಚ್ಚುವುದೂ ಉಂಟು. ಹೆಣ್ಣು ಹುಟ್ಟುವಾಗಲೇ ಹೊತ್ತು ತರುವ ಅಂಡಾಣುಗಳ ಗಂಟು ಮುಂದೆಂದೂ ಬೆಳೆಯುವುದಿಲ್ಲ. ಆದುದರಿಂದಲೇ ಇಂದಿನ ವೈದ್ಯರು ಕೊಯ್ಯುವ ಮೊದಲು ಎಎಂಎಚ್ ಎಂಬ ರಕ್ತಪರೀಕ್ಷೆಯಿಂದ ಆ ಗಂಟನ್ನು ಅಂದಾಜುಮಾಡುತ್ತಾರೆ. ಪ್ರನಾಳ ಚಿಕಿತ್ಸೆಗೆ ಹೊರಟವರ ಚಾಕೊಲೇಟ್ ಗಡ್ಡೆಯನ್ನು ನೋವಾಗಲಿ ಬೇರೆ ತೊಡಕಾಗಲಿ ಇಲ್ಲದಿದ್ದರೆ ಮುಟ್ಟದೆ ಬಿಡುವುದೂ ಉಂಟು.

ಒಂದು ಅಂಡಾಶಯ ಪೂರ್ತಿ ಹೋದರೂ ಇನ್ನೊಂದು ಆರೋಗ್ಯವಾಗಿದ್ದರೆ ಬಸಿರು ನಿಲ್ಲಬಹುದು. ಎರಡೂ ಉಳಿದರೂ ನಿಲ್ಲದಿರಬಹುದು. ಈ ಅನಿಶ್ಚಯವನ್ನು ಯಾವ ಕತ್ತಿಯೂ ಇದುವರೆಗೆ ಕಳೆದಿಲ್ಲ. ಆದರೂ, ಕ್ರಾಫರ್ಡ್‌ಳ ವೈದ್ಯನು ತೆಗೆದ ಗಡ್ಡೆಯನ್ನು ತೂಗಿ ನೋಡಿ ವರದಿ ಬರೆದನೆಂಬುದನ್ನೂ, ಇಂದಿನ ವೈದ್ಯರು ಎಷ್ಟು ಅಂಡಾಶಯ ಉಳಿಯಿತೆಂದು ಬರೆದಿಡುವರೆಂಬುದನ್ನೂ ಜೊತೆಗಿಟ್ಟು ನೋಡಿದರೆ, ಎರಡು ಶತಮಾನಗಳ ಸಾಧನೆಯ ಅಳತೆ ಸಿಕ್ಕುತ್ತದೆ. ಬಿಡುಗಡೆಯ ಚೀಟಿಯಲ್ಲಿ ಆ ಸಾಲನ್ನು ಹುಡುಕಿ, ಅದರ ಅರ್ಥವೇನೆಂದು ಕೇಳಿ ತಿಳಿಯುವ ಹಕ್ಕು ಇಂದಿನ ಹೆಣ್ಣುಮಗಳಿಗೆ ಹಿಂದಿನ ಬಹುಮಂದಿಯ ನಷ್ಟದಿಂದ ದೊರೆತದ್ದು. ಅದನ್ನು ಆಕೆ ಸಂಕೋಚವಿಲ್ಲದೆ ಚಲಾಯಿಸುವುದು ಯುಕ್ತ.