ನಡುವಿನ ದೇಶದಲ್ಲಿ ವಿಮಾನ ಬದಲಿಸುವಾಗ ಪಾಸ್‌ಪೋರ್ಟ್ ಅವಧಿ ಎಷ್ಟಿರಬೇಕು?

ಮಗನ ಮನೆಗೆಂದು ಅಮೆರಿಕಕ್ಕೆ, ಮಗಳ ಬಾಣಂತನಕ್ಕೆಂದು ಇಂಗ್ಲೆಂಡಿಗೆ, ವ್ಯಾಪಾರಕ್ಕೆಂದು ಬ್ಯಾಂಕಾಕಿಗೆ ಅಥವಾ ಆಂಟ್‌ವರ್ಪಿಗೆ, ನೆಂಟರ ಮದುವೆಗೆಂದು ನೈರೋಬಿಗೆ ಹೋಗಿಬರುವವರು ನಮ್ಮ ಸಮಾಜದಲ್ಲಿ ಈಗ ಅನೇಕರಿದ್ದಾರೆ. ಇವರಲ್ಲಿ ಹೆಚ್ಚಿನವರು ದಾರಿಯಲ್ಲಿ ದುಬೈ, ದೋಹಾ, ಸಿಂಗಪುರ, ಫ್ರಾಂಕ್‌ಫರ್ಟ್ ಅಥವಾ ಲಂಡನ್‌ನಲ್ಲಿ ವಿಮಾನ ಬದಲಿಸುತ್ತಾರೆ. ವೀಸಾ, ಟಿಕೆಟ್, ವಿಮೆ, ಡಾಲರು ಎಲ್ಲವನ್ನೂ ಎರಡೆರಡು ಸಲ ನೋಡುವವರು ಪಾಸ್‌ಪೋರ್ಟಿನ ಕೊನೆಯ ದಿನಾಂಕವನ್ನು ಮಾತ್ರ ನೋಡುವುದಿಲ್ಲ.

ಪಾಸ್‌ಪೋರ್ಟ್ ಅರ್ಜಿ ತುಂಬಿಕೊಡುವ ಸೇವೆಯಲ್ಲಿ ನನಗೆ ಪದೇ ಪದೇ ಎದುರಾಗುವ ಪ್ರಶ್ನೆ ಒಂದೇ: "ನಾವು ಆ ದೇಶಕ್ಕೆ ಹೋಗುತ್ತಿಲ್ಲ, ಬರೀ ವಿಮಾನ ಬದಲಿಸುತ್ತೇವೆ. ಅಲ್ಲಿಯ ನಿಯಮ ನಮಗೇಕೆ?" ಚಿಕ್ಕದಾಗಿ ಉತ್ತರ ಹೇಳುವುದಾದರೆ, ಆ ದೇಶದ ಇಮಿಗ್ರೇಷನ್ ಕೌಂಟರ್ ದಾಟಬೇಕಾಗಿ ಬಂದರೆ ಆ ದೇಶದ ಪೂರ್ತಿ ನಿಯಮ ನಿಮಗೂ ಅನ್ವಯ. ದಾಟದಿದ್ದರೆ ಸಾಮಾನ್ಯವಾಗಿ ಇಲ್ಲ. ಆದರೆ ದಾಟಬೇಕೋ ಬೇಡವೋ ಎಂಬುದು ನಿಮ್ಮ ಇಷ್ಟದ ಮೇಲೆ ಮಾತ್ರ ನಿಂತಿಲ್ಲ, ನಿಮ್ಮ ಟಿಕೆಟ್ ಹೇಗಿದೆ ಎಂಬುದರ ಮೇಲೆ ನಿಂತಿದೆ. ವಿವರ ಕೆಳಗಿದೆ.

ಆರು ತಿಂಗಳ ನಿಯಮ

ಪಾಸ್‌ಪೋರ್ಟಿನಲ್ಲಿ ಮುದ್ರಿಸಿದ ಕೊನೆಯ ದಿನದವರೆಗೂ ಅದು ಭಾರತ ಸರ್ಕಾರದ ಲೆಕ್ಕದಲ್ಲಿ ಚಾಲ್ತಿಯಲ್ಲಿರುತ್ತದೆ. ಆದರೆ ಬಹಳಷ್ಟು ದೇಶಗಳು ತಮ್ಮ ಗಡಿಯೊಳಗೆ ಬರುವವರ ಪಾಸ್‌ಪೋರ್ಟಿನಲ್ಲಿ ಇನ್ನೂ ಕೆಲವು ತಿಂಗಳು ಬಾಕಿ ಇರಬೇಕು ಎನ್ನುತ್ತವೆ. ಬಂದವರು ಕಾಯಿಲೆ ಬಿದ್ದರೆ ಅಥವಾ ವಿಮಾನ ತಪ್ಪಿದರೆ ಅಂದುಕೊಂಡದ್ದಕ್ಕಿಂತ ಹೆಚ್ಚು ದಿನ ಉಳಿಯಬೇಕಾಗಬಹುದು. ಆಗ ಪಾಸ್‌ಪೋರ್ಟ್ ಮುಗಿದುಹೋಗಿ, ವಾಪಸು ಕಳಿಸುವುದೇ ಕಷ್ಟವಾಗಬಾರದು ಎಂಬುದು ಇದರ ಉದ್ದೇಶ.

ಸಿಂಗಪುರ, ಥಾಯ್ಲೆಂಡ್, ಮಲೇಷ್ಯಾ, ಇಂಡೋನೇಷ್ಯಾ, ಶ್ರೀಲಂಕಾ, ಸಂಯುಕ್ತ ಅರಬ್ ಸಂಸ್ಥಾನ, ಕತಾರ್, ಕೀನ್ಯಾ, ಇವೆಲ್ಲ ಭೇಟಿಗೆ ಬರುವವರಿಂದ ಆರು ತಿಂಗಳ ಬಾಕಿ ಅವಧಿ ಕೇಳುತ್ತವೆ. ಯುರೋಪಿನ ಷೆಂಗೆನ್ ಒಕ್ಕೂಟದ ನಿಯಮ ಬೇರೆ: ಅಲ್ಲಿಂದ ಹೊರಡುವ ದಿನದಿಂದ ಮುಂದೆ ಮೂರು ತಿಂಗಳು ಬಾಕಿ ಇರಬೇಕು. ಇಂಗ್ಲೆಂಡಿಗೆ ನೀವು ಅಲ್ಲಿ ಇರುವಷ್ಟು ದಿನ ಚಾಲ್ತಿಯಲ್ಲಿದ್ದರೆ ಸಾಕು.

ಒಂದು ಲೆಕ್ಕ ನೋಡಿ. ಪಾಸ್‌ಪೋರ್ಟ್ 2027ರ ಮಾರ್ಚ್ 20ಕ್ಕೆ ಮುಗಿಯುತ್ತದೆ ಎಂದುಕೊಳ್ಳಿ. ಸಿಂಗಪುರದ ಒಳಗೆ ಹೋಗಬೇಕಾದರೆ 2026ರ ಸೆಪ್ಟೆಂಬರ್ 20ರೊಳಗೆ ತಲುಪಿರಬೇಕು. ಸೆಪ್ಟೆಂಬರ್ 25ಕ್ಕೆ ಟಿಕೆಟ್ ಮಾಡಿಸಿದ್ದರೆ ಐದೇ ದಿನದ ಕೊರತೆ, ಆದರೂ ಕೊರತೆಯೇ. ಅದೇ ಪಾಸ್‌ಪೋರ್ಟಿನಲ್ಲಿ ಜರ್ಮನಿಗೆ ಹೋಗಿ ಡಿಸೆಂಬರ್ 20ರೊಳಗೆ ಹೊರಟರೆ ಅಡ್ಡಿಯಿಲ್ಲ. ಪುಸ್ತಕ ಒಂದೇ ಆದರೂ ಒಂದು ಬಾಗಿಲಲ್ಲಿ ಸಲ್ಲುವುದು ಇನ್ನೊಂದು ಬಾಗಿಲಲ್ಲಿ ಸಲ್ಲುವುದಿಲ್ಲ. ಆದ್ದರಿಂದ ದಾರಿಯಲ್ಲಿ ಒಳಗೆ ಹೋಗಬೇಕಾದ ಪ್ರತಿ ದೇಶಕ್ಕೂ ಬೇರೆ ಬೇರೆ ಲೆಕ್ಕ ಹಾಕಬೇಕು. ಆರು ತಿಂಗಳೆಂದರೆ ಮನೆ ಬಿಡುವ ದಿನದಿಂದ ಅಲ್ಲ, ಆ ದೇಶ ತಲುಪುವ ದಿನದಿಂದ.

ಒಳಗಿದ್ದೇ ಬದಲಿಸುವುದು, ಹೊರಗೆ ಬಂದು ಬದಲಿಸುವುದು

ಬೆಂಗಳೂರಿನಿಂದ ಕೊನೆಯ ಊರಿನವರೆಗೆ ಒಂದೇ ಬುಕಿಂಗ್ ನಂಬರಿನ ಟಿಕೆಟ್ ಇದ್ದರೆ, ಲಗೇಜು ನೇರ ಕೊನೆಯ ಊರಿಗೆ ಚೆಕ್-ಇನ್ ಆಗಿದ್ದರೆ, ಎರಡೂ ವಿಮಾನ ಒಂದೇ ನಿಲ್ದಾಣದಿಂದ ಹೊರಡುವುದಾದರೆ, ನೀವು ಟ್ರಾನ್ಸಿಟ್ ಪ್ರದೇಶದಲ್ಲೇ ಕೂತು ಮುಂದಿನ ವಿಮಾನ ಹತ್ತಬಹುದು. ದುಬೈ, ದೋಹಾ, ಸಿಂಗಪುರಗಳಲ್ಲಿ ಸಾಮಾನ್ಯವಾಗಿ ಹೀಗೇ ಆಗುತ್ತದೆ. ಆಗ ಮುಖ್ಯವಾಗಿ ನೋಡಬೇಕಾದದ್ದು ಕೊನೆಯ ದೇಶದ ನಿಯಮ. ಆದರೂ ಕೆಲವು ವಿಮಾನ ಸಂಸ್ಥೆಗಳು ತಮ್ಮದೇ ಷರತ್ತು ಇಟ್ಟುಕೊಂಡಿರುತ್ತವೆ, ಅದನ್ನು ಕೇಳಿ ತಿಳಿಯಬೇಕು.

ಈ ಕೆಳಗಿನ ಸಂದರ್ಭಗಳಲ್ಲಿ ಮಾತ್ರ ಇಮಿಗ್ರೇಷನ್ ದಾಟಲೇಬೇಕಾಗುತ್ತದೆ.

- ಕಡಿಮೆ ಬೆಲೆಗೆ ಸಿಕ್ಕಿತೆಂದು ಎರಡು ಬೇರೆ ಬೇರೆ ಟಿಕೆಟ್ ಮಾಡಿಸಿ, ನಡುವೆ ಲಗೇಜು ತೆಗೆದುಕೊಂಡು ಮತ್ತೆ ಚೆಕ್-ಇನ್ ಮಾಡಬೇಕಾದಾಗ.
- ಒಂದೇ ಊರಿನಲ್ಲಿ ನಿಲ್ದಾಣ ಬದಲಿಸಬೇಕಾದಾಗ. ಉದಾಹರಣೆಗೆ ಲಂಡನ್ನಿನ ಹೀಥ್ರೋಗೆ ಇಳಿದು ಗ್ಯಾಟ್‌ವಿಕ್‌ನಿಂದ ಹೊರಡುವುದು.
- ರಾತ್ರಿ ಹೋಟೆಲಿನಲ್ಲಿ ತಂಗುವುದು ಅಥವಾ ನಡುವಿನ ಸಮಯದಲ್ಲಿ ಊರು ನೋಡಿಬರುವುದು ಇದ್ದಾಗ.
- ಆ ದೇಶದಲ್ಲಿ ಟ್ರಾನ್ಸಿಟ್ ಎಂಬ ಪ್ರತ್ಯೇಕ ವ್ಯವಸ್ಥೆಯೇ ಇಲ್ಲದಿದ್ದಾಗ.

ಎರಡು ಟಿಕೆಟ್ ಮಾಡಿಸಿ ಉಳಿಸುವ ನಾಲ್ಕೈದು ಸಾವಿರ ರೂಪಾಯಿ ನಮ್ಮ ವ್ಯಾಪಾರಿ ಮನಸ್ಸಿಗೆ ದೊಡ್ಡದಾಗಿ ಕಾಣುತ್ತದೆ. ಪಾಸ್‌ಪೋರ್ಟ್ ಅವಧಿ, ವೀಸಾ, ಲಗೇಜು ಮೂರೂ ಸರಿಯಿದ್ದರೆ ಮಾತ್ರ ಅದು ಉಳಿತಾಯ.

ಯಾವ ದೇಶದಲ್ಲಿ ಹೇಗೆ

ಅಮೆರಿಕ: ಇಲ್ಲಿ ಒಳಗಿದ್ದೇ ವಿಮಾನ ಬದಲಿಸುವ ವ್ಯವಸ್ಥೆ ಇಲ್ಲ. ಮೆಕ್ಸಿಕೋ ಅಥವಾ ಬ್ರೆಜಿಲ್‌ಗೆ ಹೋಗುವವರು ನ್ಯೂಯಾರ್ಕಿನಲ್ಲಿ ಎರಡು ಗಂಟೆ ನಿಂತರೂ ಇಮಿಗ್ರೇಷನ್ ದಾಟಬೇಕು, ಭಾರತೀಯರಿಗೆ ಅಮೆರಿಕದ ವೀಸಾ ಬೇಕು. ಪಾಸ್‌ಪೋರ್ಟ್ ಅವಧಿಯ ವಿಷಯದಲ್ಲಿ ಆರು ತಿಂಗಳ ನಿಯಮದಿಂದ ವಿನಾಯಿತಿ ಪಡೆದ ದೇಶಗಳ ಪಟ್ಟಿಯಲ್ಲಿ ಭಾರತವೂ ಇದೆ. ಆದರೂ ಮಕ್ಕಳ ಮನೆಯಲ್ಲಿ ಐದಾರು ತಿಂಗಳು ಇರಲು ಹೋಗುವ ಹಿರಿಯರು ಒಂದು ವಿಷಯ ಗಮನಿಸಬೇಕು. ಅಲ್ಲಿ ಇರಲು ಕೊಡುವ ಅವಧಿಯನ್ನು ಅಧಿಕಾರಿ ಪಾಸ್‌ಪೋರ್ಟ್ ಮುಗಿಯುವ ದಿನಕ್ಕೇ ನಿಲ್ಲಿಸಿಬಿಡುವುದುಂಟು. ಆರು ತಿಂಗಳು ಸಿಗುತ್ತದೆಂದು ಹೋದವರಿಗೆ ಮೂರೇ ತಿಂಗಳು ಸಿಕ್ಕರೆ ಟಿಕೆಟ್ ಬದಲಿಸಬೇಕಾಗುತ್ತದೆ.

ಕೆನಡಾ: ಭಾರತೀಯರು ವಿಮಾನ ಬದಲಿಸಲು ಟ್ರಾನ್ಸಿಟ್ ವೀಸಾ ಪಡೆಯಬೇಕು. 48 ಗಂಟೆಯೊಳಗೆ ಹಾದುಹೋಗುವವರಿಗೆ ಈ ವೀಸಾಕ್ಕೆ ಶುಲ್ಕವಿಲ್ಲ, ಆದರೆ ಮೊದಲೇ ಅರ್ಜಿ ಹಾಕಬೇಕು. ಕೆನಡಾದ ವೀಸಾ ಪಾಸ್‌ಪೋರ್ಟಿನ ಅವಧಿ ಮೀರಿ ಕೊಡುವುದಿಲ್ಲ.

ಇಂಗ್ಲೆಂಡ್: ಒಳಗಿದ್ದೇ ಬದಲಿಸುವವರಿಗೂ ಭಾರತೀಯರಾದರೆ ಪ್ರತ್ಯೇಕ ಟ್ರಾನ್ಸಿಟ್ ವೀಸಾ ಇದೆ. ಅಮೆರಿಕ, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳ ಚಾಲ್ತಿ ವೀಸಾ ಇರುವವರಿಗೆ ಷರತ್ತಿನ ಮೇಲೆ ವಿನಾಯಿತಿ ಉಂಟು. ನಿಲ್ದಾಣ ಬದಲಿಸಲು ಹೊರಗೆ ಬರುವವರಿಗೆ ಬೇರೆ ಬಗೆಯ ವೀಸಾ, 48 ಗಂಟೆಯೊಳಗೆ ದೇಶ ಬಿಡಬೇಕು.

ಯುರೋಪ್: ಇಲ್ಲಿ ಎಡವುವವರು ಹೆಚ್ಚು. ಷೆಂಗೆನ್ ದೇಶಗಳೆಲ್ಲ ಸೇರಿ ಒಂದೇ ಮನೆ ಇದ್ದಂತೆ, ಮೊದಲು ಇಳಿಯುವ ಊರೇ ಹೆಬ್ಬಾಗಿಲು. ಬೆಂಗಳೂರಿನಿಂದ ಫ್ರಾಂಕ್‌ಫರ್ಟ್ ಮೂಲಕ ಬೆಲ್ಜಿಯಮ್ಮಿಗೆ ಹೋದರೆ ಇಮಿಗ್ರೇಷನ್ ಆಗುವುದು ಫ್ರಾಂಕ್‌ಫರ್ಟಿನಲ್ಲೇ. ಅಮೆರಿಕಕ್ಕೆ ಹೋಗುವವರು ಪ್ಯಾರಿಸ್ ಒಂದರಲ್ಲೇ ಬದಲಿಸಿದರೆ ಒಂದು ಲೆಕ್ಕ. ಪ್ಯಾರಿಸ್‌ಗೆ ಇಳಿದು, ಅಲ್ಲಿಂದ ಫ್ರಾಂಕ್‌ಫರ್ಟಿಗೆ ಹಾರಿ, ಆಮೇಲೆ ನ್ಯೂಯಾರ್ಕಿಗೆ ಹೋದರೆ ಬೇರೆಯೇ ಲೆಕ್ಕ. ನಡುವಿನ ಹಾರಾಟ ಒಳನಾಡಿನ ಹಾರಾಟ ಆಗುವುದರಿಂದ ಷೆಂಗೆನ್ ವೀಸಾನೂ ಬೇಕು, ಮೂರು ತಿಂಗಳ ಬಾಕಿ ಅವಧಿಯೂ ಬೇಕು. ಒಳಗಿದ್ದೇ ಬದಲಿಸುವವರಿಂದ ಟ್ರಾನ್ಸಿಟ್ ವೀಸಾ ಕೇಳುವ ಅಧಿಕಾರ ಆಯಾ ದೇಶಕ್ಕಿದೆ, ಒಂದೊಂದು ದೇಶದ್ದು ಒಂದೊಂದು ರೀತಿ. ಯಾವ ದೇಶದಲ್ಲಿ ಬದಲಿಸುತ್ತೀರೋ ಆ ದೇಶದ ರಾಯಭಾರ ಕಚೇರಿಯ ವೆಬ್‌ಸೈಟನ್ನು ಟಿಕೆಟ್ ಮಾಡಿಸುವ ಮೊದಲೇ ನೋಡಿ.

ಸಿಂಗಪುರ ಮತ್ತು ದುಬೈ: ಅಮೆರಿಕದ ಚಾಲ್ತಿ ವೀಸಾ ಇದ್ದವರು ಷರತ್ತುಗಳನ್ನು ಪೂರೈಸಿದರೆ ಸಿಂಗಪುರದಲ್ಲಿ 96 ಗಂಟೆ ವೀಸಾ ಇಲ್ಲದೆ ಹೊರಗೆ ಹೋಗಿಬರಬಹುದು. ದುಬೈನಲ್ಲಿ 14 ದಿನದ ವೀಸಾ ಇಳಿದ ಮೇಲೆಯೇ ಸಿಗುತ್ತದೆ. ಎರಡಕ್ಕೂ ಪಾಸ್‌ಪೋರ್ಟಿನಲ್ಲಿ ಆರು ತಿಂಗಳು ಬಾಕಿ ಇರಲೇಬೇಕು.

ತಡೆಯುವವರು ಬೆಂಗಳೂರಿನ ಕೌಂಟರಿನವರೇ

"ಅಲ್ಲಿ ಹೋಗಿ ಕೇಳಿಕೊಂಡರಾಯಿತು" ಎಂಬ ಧೈರ್ಯ ಇಲ್ಲಿ ನಡೆಯುವುದಿಲ್ಲ. ದಾಖಲೆ ಸರಿಯಿಲ್ಲದ ಪ್ರಯಾಣಿಕರನ್ನು ಕರೆದೊಯ್ದರೆ ವಿಮಾನ ಸಂಸ್ಥೆ ಅವರನ್ನು ವಾಪಸು ತರಬೇಕು, ಅನೇಕ ದೇಶಗಳಲ್ಲಿ ದಂಡವನ್ನೂ ಕಟ್ಟಬೇಕು. ಅದಕ್ಕೇ ಚೆಕ್-ಇನ್ ಸಿಬ್ಬಂದಿ ಟಿಮ್ಯಾಟಿಕ್ ಎಂಬ ಅಂತರರಾಷ್ಟ್ರೀಯ ಮಾಹಿತಿ ಕೋಶದಲ್ಲಿ ನಿಮ್ಮ ದೇಶ, ಪಾಸ್‌ಪೋರ್ಟ್ ದಿನಾಂಕ, ದಾರಿ ಎಲ್ಲವನ್ನೂ ಹಾಕಿ ನೋಡುತ್ತಾರೆ. ಅದು ಬೇಡ ಎಂದರೆ ಬೋರ್ಡಿಂಗ್ ಪಾಸ್ ಸಿಗುವುದಿಲ್ಲ.

ಇಂಥದೊಂದು ಪ್ರಸಂಗ ನಮ್ಮ ಪರಿಚಯದ ಕುಟುಂಬಕ್ಕೆ ಆಗಿದೆ. ಗಂಡ, ಹೆಂಡತಿ, ಇಬ್ಬರು ಮಕ್ಕಳು ಥಾಯ್ಲೆಂಡಿನಲ್ಲಿದ್ದ ಸೋದರನ ಮದುವೆಗೆ ಹೊರಟಿದ್ದರು. ಸಿಂಗಪುರದಲ್ಲಿ ಲಗೇಜು ತೆಗೆದುಕೊಂಡು ಬೇರೆ ವಿಮಾನ ಹತ್ತುವ ಎರಡು ಟಿಕೆಟ್. ಮೂವರ ಪಾಸ್‌ಪೋರ್ಟ್ ಸರಿಯಿತ್ತು. ಚಿಕ್ಕ ಮಗುವಿನದರಲ್ಲಿ ನಾಲ್ಕು ತಿಂಗಳಷ್ಟೇ ಉಳಿದಿತ್ತು. ಟಿಕೆಟ್ ಮಾಡಿಕೊಟ್ಟ ಏಜೆಂಟರು ಅದನ್ನು ಹೇಳಿರಲಿಲ್ಲ. ಅಳುವ ಮಗುವನ್ನು ಎತ್ತಿಕೊಂಡು ತಾಯಿ ಬೆಂಗಳೂರಿನ ನಿಲ್ದಾಣದಿಂದ ಮನೆಗೆ ಮರಳಿದರು. ಸ್ವಂತ ತಮ್ಮನ ಮದುವೆಯನ್ನು ಮೊಬೈಲಿನಲ್ಲಿ ನೋಡಿದರು. ದುಡ್ಡು ಹೋದದ್ದು ಒಂದು ಕಡೆ, ಆ ದಿನ ಮತ್ತೆ ಬರುವುದಿಲ್ಲವಲ್ಲ.

ಮಕ್ಕಳ ಪಾಸ್‌ಪೋರ್ಟ್ ಐದೇ ವರ್ಷ

ದೊಡ್ಡವರ ಪಾಸ್‌ಪೋರ್ಟ್ 10 ವರ್ಷಕ್ಕೆ. 15 ವರ್ಷದೊಳಗಿನ ಮಕ್ಕಳದ್ದು 5 ವರ್ಷಕ್ಕೆ. 15ರಿಂದ 18ರ ನಡುವಿನವರು 18 ತುಂಬುವವರೆಗಿನದನ್ನು ಅಥವಾ 10 ವರ್ಷದ್ದನ್ನು ಆಯ್ದುಕೊಳ್ಳಬಹುದು. ಇಡೀ ಮನೆಯವರು ಒಂದೇ ದಿನ ಮಾಡಿಸಿದ್ದರೂ ಮಕ್ಕಳದ್ದು ಅರ್ಧದಲ್ಲೇ ಮುಗಿಯುತ್ತದೆ. ತಂದೆಯ ಪಾಸ್‌ಪೋರ್ಟ್ ನೋಡಿ "ಎಲ್ಲರದ್ದೂ ಇದೆ" ಎನ್ನಬೇಡಿ, ಒಂದೊಂದನ್ನೂ ತೆರೆದು ದಿನಾಂಕ ಓದಿ.

ಅಮೆರಿಕದಲ್ಲಿ ಹುಟ್ಟಿದ ಮೊಮ್ಮಕ್ಕಳು ಊರಿಗೆ ಬಂದು ಹೋಗುವಾಗಲೂ ಇದೇ ಮಾತು. ಅಲ್ಲಿಯೂ 16 ವರ್ಷದೊಳಗಿನವರಿಗೆ 5 ವರ್ಷದ ಪಾಸ್‌ಪೋರ್ಟ್. ಅವರ ಓಸಿಐ ಕಾರ್ಡ್ ಇದ್ದರೂ ಪಾಸ್‌ಪೋರ್ಟ್ ಇಲ್ಲದೆ ಅದೊಂದರಿಂದಲೇ ಪ್ರಯಾಣ ಆಗುವುದಿಲ್ಲ.

ಅಂದುಕೊಳ್ಳದೆ ಇಳಿಯಬೇಕಾದರೆ

2024ರ ಏಪ್ರಿಲ್ 16ರಂದು ದುಬೈನಲ್ಲಿ ಸುರಿದ ಮಳೆಗೆ ವಿಮಾನ ನಿಲ್ದಾಣದಲ್ಲೇ ನೀರು ನಿಂತು, ವಿಮಾನ ಬದಲಿಸಲು ಇಳಿದ ಸಾವಿರಾರು ಜನ ದಿನಗಟ್ಟಲೆ ಸಿಕ್ಕಿಬಿದ್ದರು. 2025ರ ಜೂನ್ 23ರಂದು ಕತಾರ್ ತನ್ನ ಆಕಾಶಮಾರ್ಗವನ್ನು ಕೆಲವು ಗಂಟೆ ಮುಚ್ಚಿದಾಗ ದೋಹಾಕ್ಕೆ ಹೊರಟ ವಿಮಾನಗಳು ಬೇರೆ ಊರುಗಳಲ್ಲಿ ಇಳಿದವು. ಇಂಥ ಹೊತ್ತಿನಲ್ಲಿ ಹೋಟೆಲಿಗೆ ಹೋಗಬೇಕಾದರೆ ಆ ದೇಶದೊಳಗೆ ಹೋಗಲು ಅನುಮತಿ ಬೇಕು. ಬಾಕಿ ಅವಧಿ ಕಡಿಮೆ ಇರುವವರಿಗೆ ಅದು ಸಿಗುವುದು ಕಷ್ಟ, ನಿಲ್ದಾಣದ ಕುರ್ಚಿಯೇ ಗತಿ. ಮಧುಮೇಹ, ರಕ್ತದೊತ್ತಡ ಇರುವ ಹಿರಿಯರ ಜೊತೆಯಲ್ಲಿದ್ದರೆ ಇದು ಸಣ್ಣ ಮಾತಲ್ಲ. ನಿಯಮ ಕೇಳದಿದ್ದರೂ ಆರು ತಿಂಗಳು ಬಾಕಿ ಇಟ್ಟುಕೊಂಡೇ ಹೊರಡಿ ಎಂದು ಹೇಳುವುದು ಇದಕ್ಕೇ.

ಹಳೆಯ ಪಾಸ್‌ಪೋರ್ಟಿನಲ್ಲಿ ವೀಸಾ ಇದ್ದರೆ

ಅಮೆರಿಕದ ವೀಸಾ ಇನ್ನೂ ಚಾಲ್ತಿಯಲ್ಲಿದೆ, ಪಾಸ್‌ಪೋರ್ಟ್ ಮಾತ್ರ ಮುಗಿಯುತ್ತಿದೆ ಎಂದು ಹಲವರು ಹೊಸದು ಮಾಡಿಸಲು ಹೆದರುತ್ತಾರೆ. ಹೆದರಬೇಕಿಲ್ಲ. ಹಳೆಯ ಪಾಸ್‌ಪೋರ್ಟ್ ರದ್ದಾದರೂ ಅದರಲ್ಲಿರುವ ಅಮೆರಿಕದ ವೀಸಾ ನಡೆಯುತ್ತದೆ, ಎರಡನ್ನೂ ಒಟ್ಟಿಗೆ ಒಯ್ಯಬೇಕು. ವೀಸಾ ಇರುವ ಪುಟ ಹರಿಯಬಾರದು, ತೆಗೆಯಬಾರದು. ಬೇರೆ ದೇಶಗಳ ವೀಸಾ ಇದ್ದರೆ ಅವರವರ ನಿಯಮ ಕೇಳಿ ಮುಂದುವರಿಯಿರಿ.

ಹೊಸದು ಮಾಡಿಸುವುದು

ಅವಧಿ ಮುಗಿಯುವ ಒಂದು ವರ್ಷ ಮೊದಲೇ ಮರುವಿತರಣೆಗೆ ಅರ್ಜಿ ಹಾಕಲು ಅವಕಾಶವಿದೆ. ಪಾಸ್‌ಪೋರ್ಟ್ ಸೇವಾ ವೆಬ್‌ಸೈಟಿನಲ್ಲಿ ಅರ್ಜಿ ತುಂಬಿ, ಹಣ ಕಟ್ಟಿ, ಸಮಯ ಗೊತ್ತುಮಾಡಿಕೊಂಡು ಹೋಗಬೇಕು. ದೊಡ್ಡವರ 36 ಪುಟದ ಪುಸ್ತಕಕ್ಕೆ 1500 ರೂ., 60 ಪುಟದ್ದಕ್ಕೆ 2000 ರೂ., ಮಕ್ಕಳದ್ದಕ್ಕೆ 1000 ರೂ. ತತ್ಕಾಲ್ ಬೇಕಾದರೆ ಇದರ ಮೇಲೆ 2000 ರೂ. ಮಕ್ಕಳ ಅರ್ಜಿಗೆ ತಂದೆ ತಾಯಿ ಇಬ್ಬರೂ ಸಹಿ ಮಾಡಿದ ಅನೆಕ್ಸರ್ ಡಿ ಬೇಕು.

ಬೆಂಗಳೂರಿಗೇ ಓಡಬೇಕಿಲ್ಲ. ಹುಬ್ಬಳ್ಳಿ, ಮಂಗಳೂರು, ಕಲಬುರಗಿಗಳಲ್ಲಿ ಸೇವಾ ಕೇಂದ್ರಗಳಿವೆ. ಅಂಚೆ ಕಚೇರಿಯಲ್ಲೇ ಪಾಸ್‌ಪೋರ್ಟ್ ಸೇವೆ ಕೊಡುವ ಏರ್ಪಾಡು 2017ರ ಜನವರಿಯಲ್ಲಿ ಮೈಸೂರಿನಲ್ಲೇ ಆರಂಭವಾದದ್ದು, ಈಗ ಅನೇಕ ಜಿಲ್ಲೆಗಳಲ್ಲಿ ಇದೆ. ಸಂಶಯವಿದ್ದರೆ ಉಚಿತ ಸಹಾಯವಾಣಿ 1800-258-1800ಕ್ಕೆ ಕರೆ ಮಾಡಬಹುದು.

ಟಿಕೆಟ್ ಮಾಡಿಸುವ ಮೊದಲು

1. ಹೊರಡುವ ಎಲ್ಲರ, ಮುಖ್ಯವಾಗಿ ಮಕ್ಕಳ ಪಾಸ್‌ಪೋರ್ಟಿನ ಕೊನೆಯ ದಿನಾಂಕ ಒಂದು ಹಾಳೆಯಲ್ಲಿ ಬರೆಯಿರಿ.
2. ಮರಳುವ ದಿನದಿಂದ ಮುಂದೆ ಆರು ತಿಂಗಳು ಎಣಿಸಿ. ಯಾರದ್ದಾದರೂ ಅದಕ್ಕಿಂತ ಮೊದಲು ಮುಗಿಯುವುದಾದರೆ ಮೊದಲು ಹೊಸ ಪಾಸ್‌ಪೋರ್ಟ್, ಆಮೇಲೆ ಟಿಕೆಟ್.
3. ಇಡೀ ಪ್ರಯಾಣ ಒಂದೇ ಬುಕಿಂಗ್ ನಂಬರಿನಲ್ಲಿದೆಯೇ, ಲಗೇಜು ನೇರ ಹೋಗುತ್ತದೆಯೇ ಎಂದು ಏಜೆಂಟರಿಂದ ಬರಹದಲ್ಲಿ ಪಡೆಯಿರಿ.
4. ವಾಪಸು ಬರುವ ದಾರಿ ಬೇರೆ ಇದ್ದರೆ ಅದನ್ನೂ ಹೀಗೆಯೇ ನೋಡಿ.
5. ಪುಸ್ತಕ ಹರಿದಿಲ್ಲ, ನೆನೆದಿಲ್ಲ, ಖಾಲಿ ಪುಟಗಳಿವೆ ಎಂದು ಖಚಿತ ಮಾಡಿಕೊಳ್ಳಿ.
6. ನಿಯಮಗಳು ಬದಲಾಗುತ್ತಿರುತ್ತವೆ. ಹೊರಡುವ ವಾರದಲ್ಲಿ ವಿಮಾನ ಸಂಸ್ಥೆಯ ವೆಬ್‌ಸೈಟಿನಲ್ಲಿ ಇನ್ನೊಮ್ಮೆ ನೋಡಿ.

ಈ ಮಾಹಿತಿಯನ್ನು ಹೊರದೇಶಕ್ಕೆ ಹೊರಟಿರುವ ನಿಮ್ಮ ಬಂಧುಗಳಿಗೂ ಕಳಿಸಿ. ಇಂದು ಸಂಜೆ ಮನೆಯವರೆಲ್ಲ ಇರುವಾಗ ಬೀರುವಿನಲ್ಲಿರುವ ಪಾಸ್‌ಪೋರ್ಟುಗಳನ್ನು ತೆಗೆದು ಒಮ್ಮೆ ದಿನಾಂಕ ನೋಡಿಬಿಡಿ, ಐದು ನಿಮಿಷದ ಕೆಲಸ.